ಕೈಗಾರಿಕೆಯ ಚರಿತ್ರೆಯನ್ನು ನೋಡುವ ಬಗೆ

ನಮ್ಮ ಸೀಮೆಯ ಬಾಲಿಕೆಯರನ್ನು ಬೆಂಗಳೂರಿಗೆ ಕರಕೊಂಡು ಹೋಗಿ, 1962ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ತೆರೆಯಲ್ಪಟ್ಟ ಕೈಗಾರಿಕಾ ವಸ್ತುಸಂಗ್ರಹಾಲಯವನ್ನು ತೋರಿಸುವುದು ಒಳ್ಳೇ ಪದ್ಧತಿಯೇ ಸರಿ. ಆದರೆ ಕೊಕ್ಕರ್ಣೆಯ ಸುತ್ತಿನ ಹಳ್ಳಿಗಳಿಂದ ಹೊರಟ ಹುಡುಗಿಯು ತನ್ನ ನೆರೆಯ ಕೈಗಾರಿಕೆಯ ಸಂಗತಿಯನ್ನೇ ಅರಿಯದೆ ಅಲ್ಲಿಯ ಯಂತ್ರಗಳ ಮುಂದೆ ನಿಂತರೆ, ಇವೆಲ್ಲಾ ಪರಸ್ಥಳದವರ ಚರಿತ್ರೆಯೆಂದು ಭಾವಿಸಿ ಹಿಂದಿರುಗುವಳು. ಆದಕಾರಣ ಮೊದಲನೆಯ ಪಾಠವು ನಮ್ಮ ಮನೆಯ ಮಾಡಿನಿಂದಲೇ ಆರಂಭವಾಗತಕ್ಕದ್ದೆಂಬದು ನಮ್ಮ ನಮ್ರ ಅಭಿಪ್ರಾಯ.

ಮಣ್ಣಿನ ಕೆಲಸವು ನಮಗೆ ಹೊಸದಲ್ಲ. ಕೊಕ್ಕರ್ಣೆಯ ಸಮೀಪದ ಸೂರಾಲಿನಲ್ಲಿರುವ ತೋಳಹ ಅರಸರ ಮಣ್ಣಿನ ಅರಮನೆಯೇ ಅದಕ್ಕೆ ಸಾಕ್ಷಿ. ಇದೇ ಕರಾವಳಿಯ ಮಣ್ಣನ್ನು ಕಾರ್ಖಾನೆಗೆ ತಂದವರು ಬಾಸೆಲ್ ಮಿಶನಿನವರು. ಮತಾಂತರದಿಂದ ಮನೆಯನ್ನೂ ಕುಲವೃತ್ತಿಯನ್ನೂ ಕಳಕೊಂಡವರಿಗೆ ಜೀವನೋಪಾಯವು ಬೇಕಾಗಿತ್ತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು; 1886ರಲ್ಲಿ ಮಲ್ಪೆಯಲ್ಲಿಯೂ ಒಂದು ಏರ್ಪಟ್ಟಿತು. ಮುಂದೆ ಕುಂದಾಪುರದ ಸುತ್ತಲೂ ಅನ್ಯರ ಕಾರ್ಖಾನೆಗಳು ಹುಟ್ಟಿದವು. 1914ರ ಮಹಾಯುದ್ಧದ ತರುವಾಯ ಮಿಶನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದರೂ ಮಂಗಳೂರು ಹೆಂಚೆಂಬ ಹೆಸರು ಅಳಿಯಲಿಲ್ಲ.

ಆದರೆ ಸ್ಥಾಪಕರ ಹೆಸರನ್ನೂ ಇಸವಿಯನ್ನೂ ಬಾಯಿಪಾಠ ಮಾಡಿದ ಮಾತ್ರಕ್ಕೆ ಚರಿತ್ರೆಯನ್ನು ಕಲಿತಂತಾಗುವುದೇ? ಮಣ್ಣನ್ನು ಹೊತ್ತವರು ಯಾರು? ಅಚ್ಚಿನಿಂದ ಹೊರಬಂದ ಹಸಿ ಹೆಂಚಿನ ಅಂಚನ್ನು ಕೊರೆದು, ನೆರಳಿನಲ್ಲಿ ಒಣಗಲಿಟ್ಟು, ಆವಿಗೆಯ ಬಳಿಗೆ ಸಾಗಿಸಿದ ಕೈಗಳು ಯಾರವು? ಅವುಗಳಲ್ಲಿ ಎಷ್ಟೋ ಕೈಗಳು ಸ್ತ್ರೀಯರವು. ಆ ಕೂಲಿಯ ಹಣದಿಂದ ಮಗಳಿಗೆ ಪುಸ್ತಕ ಕೊಂಡು ಕೊಟ್ಟ ತಾಯಂದಿರು ನಮ್ಮ ನಡುವೆ ಇದ್ದಾರೆ. ಆದರೂ "ಅಮ್ಮ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದಳು" ಎಂದು ಹೇಳುವುದಕ್ಕೆ ವಿದ್ಯಾವಂತೆಯಾದ ಮಗಳು ನಾಚಿಕೊಳ್ಳುವುದುಂಟು. ಇಂಥಾ ನಾಚಿಕೆಯನ್ನು ಬಿಡಿಸದ ವಿದ್ಯೆಯು ಅರ್ಧ ವಿದ್ಯೆಯೇ.

ಇದರಿಂದ ಪರೀಕ್ಷೆಗೆ ಏನು ಪ್ರಯೋಜನವೆಂದು ತಂದೆತಾಯಿಗಳು ಕೇಳಬಹುದು. ಸುಟ್ಟ ಮಣ್ಣು ಕೆಂಪಾಗುವುದು ಅದರೊಳಗಿನ ಕಬ್ಬಿಣದ ಅಂಶದಿಂದ. ಇದು ರಸಾಯನ ಶಾಸ್ತ್ರ. ಒಣಗುವಾಗ ಹೆಂಚು ಕುಗ್ಗುವುದರಿಂದ ಅಚ್ಚನ್ನು ಅಷ್ಟೇ ದೊಡ್ಡದಾಗಿ ಮಾಡಬೇಕು, ಇದು ಗಣಿತ. ಒಂದರ ಅಂಚು ಮತ್ತೊಂದರ ತೋಡಿನಲ್ಲಿ ಕೂತು ಆಷಾಢದ ಮಳೆಯನ್ನು ಹೊರಗೆ ತಡೆಯುವುದು, ಇದು ಶಿಲ್ಪ. ಇಷ್ಟು ಪಾಠಗಳನ್ನು ಒಂದೇ ಹೆಂಚು ಕಲಿಸಬಲ್ಲುದು.

ಈಗ ಕಾಂಕ್ರೀಟಿನ ತಾರಸಿಗಳು ಬಂದು, ಅನೇಕ ಹೆಂಚಿನ ಕಾರ್ಖಾನೆಗಳು ಮುಚ್ಚಿಹೋಗಿವೆ. ಹಳೇ ಮಾಡನ್ನು ಬಿಚ್ಚಿದಲ್ಲಿ ಹೆಂಚುಗಳು ಗದ್ದೆಯ ಬದಿಗೆ ಬೀಳುತ್ತವೆ. ಯಂತ್ರವನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಇರಿಸಬಹುದು. ಮುದುಕಿಯಾದ ಕೆಲಸಗಾರ್ತಿಯ ನೆನಪನ್ನು ಅವಳು ತೀರಿಹೋದ ಬಳಿಕ ಯಾವ ಕಪಾಟಿನಲ್ಲಿ ಹುಡುಕೋಣ?

ಆದುದರಿಂದ ಉಪಾಧ್ಯಾಯಿನಿಯರೊಡನೆ ನಮ್ಮ ವಿಜ್ಞಾಪನೆ ಇದು. ತರಗತಿಯು ಪ್ರವಾಸಕ್ಕೆ ಹೊರಡುವ ಮೊದಲು ಪ್ರತಿಯೊಬ್ಬ ಹುಡುಗಿಯು ಒಂದು ಹಳೇ ಹೆಂಚನ್ನು ತಂದು, ಅದರ ಮೇಲೆ ಒತ್ತಿರುವ ಕಾರ್ಖಾನೆಯ ಮತ್ತು ಊರಿನ ಹೆಸರನ್ನು ಬರಕೊಳ್ಳಲಿ. ಕಾರ್ಖಾನೆಯಲ್ಲಿ ದುಡಿದ ಒಬ್ಬ ತಾಯಿಯನ್ನು ಶಾಲೆಗೆ ಕರೆದು, ಕುರ್ಚಿಯ ಮೇಲೆ ಕೂರಿಸಿ, ಕೆಲಸದ ವೇಳೆ, ಕೂಲಿ, ಆವಿಗೆಯ ಶೆಕೆ, ಸುಟ್ಟ ಕೈ, ಇವೆಲ್ಲವನ್ನೂ ಅವಳ ಬಾಯಿಂದಲೇ ಕೇಳಲಿ. ಆ ದಿನದ ಸಂಭಾವನೆಯನ್ನೂ ಮರ್ಯಾದೆಯಿಂದ ಕೊಡಲಿ. ಪೂರ್ವ ವಿದ್ಯಾರ್ಥಿನಿಯರೇ, ಆ ತಾಯಿ ನಿಮ್ಮ ಮನೆಯಲ್ಲಿಯೇ ಇದ್ದರೆ ಅವಳನ್ನು ಕೈಹಿಡಿದು ಕರಕೊಂಡು ಬನ್ನಿರಿ. ತರುವಾಯ ಬೆಂಗಳೂರಿಗೆ ಹೋದ ಮಕ್ಕಳು ಪ್ರತಿ ಯಂತ್ರದ ಮುಂದೆಯೂ, ಇದನ್ನು ನಡಿಸಿದವರು ಯಾರು ಎಂದು ಕೇಳುವರು. ಆ ಪ್ರಶ್ನೆಯನ್ನು ಕೇಳಲು ಕಲಿತ ಹುಡುಗಿಗೆ ಪ್ರವಾಸದ ವೆಚ್ಚವು ವ್ಯರ್ಥವಾಗದು.