ಐವತ್ತು ಪಿಕ್ಸೆಲ್ ಎತ್ತರದ ಕನ್ನಡ

ಪುಣೆಯಲ್ಲಿ ಬ್ಯಾನರ್ ಎಂದರೆ ಮೊದಲು ನೆನಪಾಗುವುದು ಚೌಕಗಳಲ್ಲಿ ತೂಗುವ ಫ್ಲೆಕ್ಸ್. ಯಾವುದೋ ‘ಭಾವೂ’ನ ಹುಟ್ಟುಹಬ್ಬ, ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖಗಳು. ಹೋದ ವರ್ಷ ನಾನೂ ಒಂದು ಬ್ಯಾನರ್ ಹಾಕಿಸಿದೆ. ಅದು ಯಾವ ಚೌಕದಲ್ಲೂ ತೂಗಲಿಲ್ಲ. ಮೊಬೈಲ್ ಪರದೆಯ ತಳದಲ್ಲಿ 320 ಪಿಕ್ಸೆಲ್ ಅಗಲ, 50 ಪಿಕ್ಸೆಲ್ ಎತ್ತರದ ಒಂದು ಪಟ್ಟಿ, ಅಷ್ಟೇ.

ಹಾಕಿಸಿದ್ದು ನನ್ನ ಪುಟ್ಟ ಜಾಲತಾಣಕ್ಕಾಗಿ. ಅನುವಾದದ ಕೆಲಸದಲ್ಲಿ ಎದುರಾದ ಮರಾಠಿ ಕಚೇರಿ ಪದಗಳಿಗೆ ಕನ್ನಡ ಅರ್ಥ ಬರೆದಿಡುತ್ತ ಬಂದವಳು, ಸಾವಿರ ಪದ ದಾಟಿದ ಮೇಲೆ ಅವನ್ನು ಜಾಲಕ್ಕೆ ಏರಿಸಿದೆ. ‘ಸಾತ್‌ಬಾರಾ’ ಎಂದರೆ ನಮ್ಮ ಪಹಣಿ. ಮಹಾರಾಷ್ಟ್ರದ ಗ್ರಾಮ ನಮೂನೆ 7 ಮತ್ತು 12 ಸೇರಿ ಆದ ಹೆಸರು ಅದು. ಜತ್, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಮನೆಯಲ್ಲಿ ಕನ್ನಡ ಮಾತಾಡಿ, ಕನ್ನಡ ಶಾಲೆಯಲ್ಲಿ ಓದಿ, ಹೊಲದ ಕಾಗದವನ್ನು ಮಾತ್ರ ಮರಾಠಿಯಲ್ಲಿ ಹಿಡಿದು ನಿಲ್ಲುವವರಿದ್ದಾರೆ. ತಾಣ ಮಾಡಿದ್ದು ಅವರಿಗಾಗಿ. ಆದರೆ ಅದು ಇದೆಯೆಂದು ಅವರಿಗೆ ತಿಳಿಸುವುದು ಹೇಗೆ?

ಎಲ್ಲರೂ ಮಾಡುವಂತೆ ಒಂದು ಜಾಹೀರಾತು ಜಾಲಕ್ಕೆ 4,000 ರೂಪಾಯಿ ಕಟ್ಟಿದೆ. ಎರಡು ವಾರದಲ್ಲಿ ಬ್ಯಾನರ್ 3,12,000 ಸಲ ಕಾಣಿಸಿಕೊಂಡಿತು, 912 ಕ್ಲಿಕ್ ಬಂದವು. ಕ್ಲಿಕ್ಕಿಗೆ ನಾಲ್ಕೂವರೆ ರೂಪಾಯಿಯೂ ಬೀಳಲಿಲ್ಲವಲ್ಲ ಎಂದು ಒಂದು ಸಂಜೆ ಖುಷಿಪಟ್ಟೆ. ಮರುದಿನ ಬೆಳಿಗ್ಗೆ ವರದಿ ಬಿಡಿಸಿ ನೋಡಿದರೆ, ಬಹುಪಾಲು ಕ್ಲಿಕ್ ಬಂದದ್ದು ಟಾರ್ಚ್ ಆ್ಯಪ್‌ಗಳಿಂದ ಮತ್ತು ಮಕ್ಕಳ ಆಟಗಳಿಂದ. ಜಾಹೀರಾತು ಮುಚ್ಚಲು ಹೋದ ಬೆರಳು ಜಾರಿ ಅದರ ಮೇಲೇ ಬಿದ್ದಿತ್ತು. ಬಂದವರು ಐದಾರು ಸೆಕೆಂಡಿನಲ್ಲಿ ವಾಪಸ್. ಕನ್ನಡ ಓದುವವರಿಗೆ ಮಾತ್ರ ತೋರಿಸಿ ಎಂದು ಗುರುತು ಹಾಕಿದ್ದೆ ನಿಜ. ಆದರೆ ದಿನಕ್ಕೆರಡು ಕನ್ನಡ ಪತ್ರಿಕೆ ಓದುವ ನಮ್ಮ ಅತ್ತೆಯ ಫೋನು ಇರುವುದು ಇಂಗ್ಲಿಷಿನಲ್ಲಿ! ಅವರು ಕನ್ನಡದವರೆಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಇನ್ನೊಂದು ತೊಡಕು ನಾನು ಭಾಷಾಶಾಸ್ತ್ರ ಓದಿಯೂ ಮೊದಲೇ ಯೋಚಿಸದಿದ್ದದ್ದು. ‘ಮಹಾರಾಷ್ಟ್ರದ ಭೂದಾಖಲೆ ಪದಗಳಿಗೆ ಕನ್ನಡದಲ್ಲಿ ಅರ್ಥ’ ಎಂದು ಬರೆಸಲು ಹೊರಟೆ. ದೇವನಾಗರಿಯಲ್ಲಿ ಒತ್ತಕ್ಷರ ಹೆಚ್ಚಾಗಿ ಪಕ್ಕಕ್ಕೆ ಬೆಳೆಯುತ್ತದೆ, ನಮ್ಮದು ಕೆಳಕ್ಕೆ ಇಳಿಯುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬಿಟ್ಟು ಐವತ್ತು ಪಿಕ್ಸೆಲಿನಲ್ಲಿ ಎರಡು ಸಾಲು ಕೂರಿಸಿದರೆ ‘ಷ್ಟ್ರ’ ಇರುವೆಯಾಗುತ್ತದೆ. ಅಕ್ಷರ ದೊಡ್ಡದು ಮಾಡಿದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಕೊನೆಗೆ ಉಳಿದದ್ದು ‘ಮರಾಠಿ–ಕನ್ನಡ ಪದಗಳು’. ಯಾರಿಗೆ, ಯಾಕೆ ಎಂಬುದೇ ಬಿದ್ದುಹೋಯಿತು. ಈ ಅಳತೆಗಳನ್ನು ಮಾಡಿದವರ ಮುಂದೆ ಕನ್ನಡದ ಒತ್ತಕ್ಷರ ಇರಲಿಲ್ಲ, ಬಿಡಿ.

ಬ್ಯಾನರ್ ಎಂಬ ವಸ್ತುವೇ ಕೆಟ್ಟದ್ದು ಎನ್ನಲಾರೆ. 1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ&ಟಿ ಕಂಪನಿಯ ಬ್ಯಾನರ್ ಬಂದಾಗ ನೋಡಿದವರಲ್ಲಿ ನೂರಕ್ಕೆ 44 ಮಂದಿ ಒತ್ತಿದರಂತೆ. ಹೊಸದಿತ್ತು, ಒತ್ತಿದರು. ನಾಲ್ಕೇ ವರ್ಷದಲ್ಲಿ, 1998ರಲ್ಲಿ, ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು ‘ಬ್ಯಾನರ್ ಕುರುಡು’ ಎಂಬ ಮಾತು ತಂದರು: ಬ್ಯಾನರಿನಂತೆ ಕಾಣುವುದನ್ನು, ಅದರಲ್ಲಿ ತಮಗೆ ಬೇಕಾದದ್ದೇ ಇದ್ದರೂ, ಜನ ನೋಡುವುದಿಲ್ಲ. ಅದೇ ಕಾಲದ ‘ಲಿಂಕ್‌ಎಕ್ಸ್‌ಚೇಂಜ್’ ನನಗೆ ಹೆಚ್ಚು ಕುತೂಹಲದ್ದು. ನಿಮ್ಮ ತಾಣದಲ್ಲಿ ಬೇರೆಯವರ ಬ್ಯಾನರ್ ಎರಡು ಸಲ ತೋರಿಸಿದರೆ ನಿಮ್ಮದು ಇನ್ನೆಲ್ಲೋ ಒಂದು ಸಲ ಕಾಣಿಸುತ್ತಿತ್ತು. ದುಡ್ಡಿಲ್ಲದ ಸಣ್ಣ ತಾಣಗಳ ಮುಯ್ಯಿ ಲೆಕ್ಕ ಅದು. 1998ರಲ್ಲಿ ಮೈಕ್ರೋಸಾಫ್ಟ್ ಅದನ್ನು 26.5 ಕೋಟಿ ಡಾಲರಿಗೆ ಕೊಂಡಿತು.

ಮುಯ್ಯಿಯ ಆ ಲೆಕ್ಕ ನೆನಪಾಗಿ, ಸೊಲ್ಲಾಪುರ ಕಡೆಯ ಅಡುಗೆ ಬರೆಯುವ ಒಬ್ಬ ಕನ್ನಡ ಹೆಣ್ಣುಮಗಳಿಗೆ ಪತ್ರ ಬರೆದೆ. ಶೇಂಗಾ ಹಿಂಡಿ, ಕಡಕ್ ರೊಟ್ಟಿ, ಮಾದಲಿ ಅವರ ವಿಷಯ. ತಿಂಗಳಿಗೆ 500 ರೂಪಾಯಿಗೆ ಪುಟದ ಪಕ್ಕದಲ್ಲಿ ಒಂದು ಚೌಕ ಕೊಟ್ಟರು. ಚೌಕದಲ್ಲಿ ಪೂರ್ತಿ ವಾಕ್ಯ ಹಿಡಿಸಿತು. ಆ ತಿಂಗಳು ಬಂದವರು 41 ಜನ. ತಲೆಗೆ ಹನ್ನೆರಡು ರೂಪಾಯಿ, ಜಾಲಕ್ಕಿಂತ ಸುಮಾರು ಮೂರು ಪಟ್ಟು ದುಬಾರಿ. ಆದರೆ ಅವರು ಹುಡುಕಿದರು, ಒಂದರಿಂದ ಇನ್ನೊಂದು ಪದಕ್ಕೆ ಹೋದರು. ‘ಫೇರ್‌ಫಾರ್’ ಪದಕ್ಕೆ ನಾನು ‘ಬದಲಾವಣೆ’ ಎಂದಷ್ಟೇ ಬರೆದಿದ್ದೆ. ಅಕ್ಕಲಕೋಟೆ ಕಡೆಯ ಒಬ್ಬರು ಫೋನ್ ಮಾಡಿ, “ಅಕ್ಕಾರ, ಬರೇ ಬದಲಾವಣಿ ಅಂದ್ರ ತಿಳಿಯಂಗಿಲ್ರಿ, ಖಾತೆ ಬದಲಾವಣಿ ಅಂತ ಬರೀರಿ” ಎಂದರು. 912 ಕ್ಲಿಕ್ಕುಗಳು ಒಂದು ತಪ್ಪನ್ನೂ ತೋರಿಸಿರಲಿಲ್ಲ.

ಒಂದೇ ತಾಣದ ಒಂದೇ ತಿಂಗಳು ಹಿಡಿದು ಸಿದ್ಧಾಂತ ಕಟ್ಟುತ್ತೀಯಾ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಸೀರೆ ಮಾರುವವರಿಗೆ ದೊಡ್ಡ ಜಾಲವೇ ಸರಿಯಿರಬಹುದು, ಅವರ ಗಿರಾಕಿ ಟಾರ್ಚ್ ಆ್ಯಪ್‌ನಲ್ಲೂ ಸಿಗಬಹುದು. ಹಾಗೆಯೇ ಬ್ಯಾನರೇ ಬೇಕಿಲ್ಲದ ತಾಣಗಳೂ ಇವೆ. ವಿ. ಕೃಷ್ಣ ಅವರ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಆಗಿ ಜಾಲಕ್ಕೆ ಬಂದಾಗ ನನಗೆ ಮೂರು ಕಡೆಯಿಂದ ಕೊಂಡಿ ಬಂದಿತ್ತು, ಮೂರೂ ಗೆಳೆಯರಿಂದ. ದಶಕಗಳ ದುಡಿಮೆಗೆ ಆ ಬಲ ಇರುತ್ತದೆ. ಸಾವಿರ ಪದದ ನನ್ನ ತಾಣಕ್ಕೆ ಇಲ್ಲ.

ನನ್ನ ತಕರಾರು ಇಷ್ಟೇ. ನಾವು ಸಣ್ಣ ಕನ್ನಡ ತಾಣದವರು ಬ್ಯಾನರಿಗೆ ಇಟ್ಟ ಚೂರುಪಾರು ಹಣವನ್ನು ಆಟದ ಆ್ಯಪ್‌ಗಳಿಗೆ ಸುರಿಯುತ್ತಿದ್ದೇವೆ. ಅದನ್ನು ಇನ್ನೊಂದು ಕನ್ನಡ ತಾಣಕ್ಕೆ ಕೊಟ್ಟರೆ ಅವರ ಸರ್ವರ್ ಬಾಡಿಗೆಯಾದರೂ ಹುಟ್ಟುತ್ತದೆ. ನಮ್ಮಲ್ಲಿ ಅನೇಕರಿಗೆ ತಾಣದಲ್ಲಿ ಜಾಹೀರಾತು ಇಟ್ಟರೆ ಮೈಲಿಗೆ ಎಂಬ ಭಾವನೆ, ಕೇಳಿದರೆ ನಾಚಿಕೆ. ನಾನು ಪತ್ರ ಬರೆದ ಐವರಲ್ಲಿ ಮೂವರು ಉತ್ತರಿಸಲಿಲ್ಲ. ಒಬ್ಬರು ‘ನಾವು ಅಂಥದ್ದು ಮಾಡುವುದಿಲ್ಲ’ ಎಂದು ಬರೆದರು. ಅವರ ತಾಣ ಈ ಏಪ್ರಿಲ್‌ನಿಂದ ತೆರೆಯುತ್ತಿಲ್ಲ.

ಅಡುಗೆಯವರಿಗೆ ಮುಂದಿನ ತಿಂಗಳ 500 ಕಳಿಸಿದ್ದೇನೆ. ಈ ಸಲ ಚೌಕದಲ್ಲಿ ತಾಣದ ಹೆಸರೂ ದೊಡ್ಡದಾಗಿ ಬೇಡ ಎಂದಿದ್ದೇನೆ. ‘ಫೇರ್‌ಫಾರ್ ಅಂದರೇನು?’ ಎಂಬ ಪ್ರಶ್ನೆ ಸಾಕು, ಅಕ್ಷರ ಮಾತ್ರ ಒತ್ತು ಕಾಣುವಷ್ಟು ದೊಡ್ಡದಿರಲಿ.