ವೆಲ್ಡಿಂಗ್ ಬೇಡ, ಲಿವರ್ ಬದಲಿಸಿ
ದಢೇಸುಗೂರಿನಿಂದ ಸಿಂಧನೂರಿಗೆ ಪರೀಕ್ಷಾ ತರಬೇತಿಗೆ ಹೊರಟ ದಿನ ಅಪ್ಪನ ಹಳೆಯ ಬೈಕಿನ ಗೇರ್ ಬೀಳಲೇ ಇಲ್ಲ. ಲಿವರ್ ಮಾತ್ರ ಕಾಲಡಿ ಜಾರುತ್ತಿತ್ತು. ಬೋಲ್ಟ್ ಸಡಿಲವಾದದ್ದನ್ನು ವಾರಗಟ್ಟಲೆ ಕಡೆಗಣಿಸಿದ್ದೆ. ಲಿವರಿನ ಒಳಹಲ್ಲು ಸವೆದಿತ್ತು.

‘ಶಾಫ್ಟಿಗೇ ವೆಲ್ಡಿಂಗ್ ಹೊಡಸಲೇ, ಮುಗೀತು’ ಎಂದ ಗೆಳೆಯ. ಆದರೆ ಆ ಬಿಸಿಗೆ ಆಯಿಲ್ ಸೀಲ್ ಕೆಡಬಹುದು; ಮುಂದೆ ಎಡಗಡೆಯ ಕವರ್ ಬಿಚ್ಚಬೇಕೆಂದರೆ ವೆಲ್ಡನ್ನೇ ಕತ್ತರಿಸಬೇಕು. ಶಾಫ್ಟಿನ ಹಲ್ಲು ಚೆನ್ನಾಗಿದ್ದವು. ಹೊಸ ಲಿವರ್ ತಂದು, 10ರ ಪಾನಾ ಹಿಡಿದು ನಾನೇ ಕೂರಿಸಿದೆ.

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅಲ್ಲಿನ ಯೆಜ್ಡಿಗಳು ಇನ್ನೂ ಓಡುತ್ತಿವೆ. ಸವೆದದ್ದನ್ನು ಬದಲಿಸುವ ಕೈಗಳಿರುವುದರಿಂದ. ಕೆಲಸ ಹುಡುಕುವ ನಮಗೆ ಗಾಡಿಯೇ ಕಾಲು. ತಿಂಗಳಿಗೊಮ್ಮೆ ಆ ಬೋಲ್ಟ್ ಬಿಗಿ ಮಾಡೋಣ.