ಮೆಗ್ ಫೀಸು ಯಾರು ಕಟ್ಟಿದ್ರು?

ಶ್ರೀಮಂತರ ಮನೆ ಜಗಳವನ್ನು ಪರದೆ ಮೇಲೆ ನೋಡೋದ್ರಲ್ಲಿ ಒಂದು ವಿಚಿತ್ರ ಖುಷಿ ಇದೆ. ಅಷ್ಟು ದೊಡ್ಡ ಮನೆ, ಅಷ್ಟು ದುಡ್ಡು, ಆದರೂ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗಲ್ಲ. ಕರೆಂಟ್ ಬಿಲ್ಲಿಗೆ ನಮ್ಮ ಮನೆಯಲ್ಲಿ ಆಗೋ ಜಗಳವೇ ವಾಸಿ ಅನ್ನಿಸಿ ಸಮಾಧಾನ ಆಗುತ್ತೆ. 2019ರಲ್ಲಂತೂ ಈ ಥರದ ಸಿನಿಮಾಗಳು ಸಾಲಾಗಿ ಬಂದ್ವು. ಕೊರಿಯಾದಿಂದ ಬಾಂಗ್ ಜೂನ್ ಹೋ ಅವರ ‘ಪ್ಯಾರಸೈಟ್’, ಅಮೆರಿಕದಿಂದ ‘ರೆಡಿ ಆರ್ ನಾಟ್’, ಜೊತೆಗೆ ರಯಾನ್ ಜಾನ್ಸನ್ ಬರೆದು ನಿರ್ದೇಶಿಸಿದ ‘ನೈವ್ಸ್ ಔಟ್’. ಮೂಲ ಚಿತ್ರಕಥೆಯ ಆಸ್ಕರ್‌ಗೆ ನೈವ್ಸ್ ಔಟ್ ಕೂಡ ನಾಮನಿರ್ದೇಶನ ಆಗಿತ್ತು, ಗೆದ್ದಿದ್ದು ಪ್ಯಾರಸೈಟ್. ಹಾಸ್ಟೆಲ್ ಚರ್ಚೆಗಳಲ್ಲೂ ತೀರ್ಪು ಹೆಚ್ಚುಕಮ್ಮಿ ಅದೇ: ಪ್ಯಾರಸೈಟ್ ಅಂದ್ರೆ ಸೀರಿಯಸ್ ಸಿನಿಮಾ, ನೈವ್ಸ್ ಔಟ್ ಅಂದ್ರೆ ಭಾನುವಾರದ ಟೈಂಪಾಸ್.

ನಾವು ಇದನ್ನು ಒಪ್ಪಲ್ಲ. ಪ್ಯಾರಸೈಟ್ ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೀಸು ಕಟ್ಟಿಸ್ಕೊಂಡು ಓದ್ತಾ ಇರೋ ನಮ್ಮಂಥವರಿಗೆ ಹೆಚ್ಚು ಹತ್ತಿರ ಬಂದು ಚುಚ್ಚೋದು ನೈವ್ಸ್ ಔಟ್. ಯಾಕಂದ್ರೆ ಅದರಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಾಳೆ. ಹೆಸರು ಮೆಗ್.

(ಮುಂದೆ ಓದೋ ಮೊದಲು ಒಂದು ಎಚ್ಚರಿಕೆ. ಉಯಿಲಿನಲ್ಲಿ ಏನಿದೆ ಅನ್ನೋದನ್ನ ಹೇಳಿಬಿಡ್ತೀವಿ. ಅಪರಾಧಿ ಯಾರು ಅಂತ ಮಾತ್ರ ಹೇಳಲ್ಲ. ಅಷ್ಟು ಮರ್ಯಾದೆ ಉಳಿಸ್ಕೊಳ್ತೀವಿ.)

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಹಾರ್ಲನ್ ಥ್ರಾಂಬಿ ಪತ್ತೇದಾರಿ ಕಾದಂಬರಿ ಬರೆದು ಕೋಟಿಗಟ್ಟಲೆ ಸಂಪಾದಿಸಿದ ಮುದುಕ. ತನ್ನ 85ನೇ ಹುಟ್ಟುಹಬ್ಬದ ಪಾರ್ಟಿ ನಡೆದ ರಾತ್ರಿಯೇ ಸತ್ತುಹೋಗ್ತಾನೆ. ಪೊಲೀಸರು ಆತ್ಮಹತ್ಯೆ ಅಂತಾರೆ, ಡೇನಿಯಲ್ ಕ್ರೇಗ್ ಮಾಡಿರೋ ಬೆನ್ವಾ ಬ್ಲಾಂಕ್ ಅನ್ನೋ ಪತ್ತೇದಾರನಿಗೆ ಅನುಮಾನ. ಮನೆ ತುಂಬ ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳು. ಮುದುಕನ ಜೀವ ಹೋದದ್ದಕ್ಕಿಂತ ಮುದುಕನ ಆಸ್ತಿ ಎಲ್ಲಿ ಹೋಗುತ್ತೆ ಅನ್ನೋದೇ ಅವರಿಗೆ ದೊಡ್ಡ ಪ್ರಶ್ನೆ. ಮಧ್ಯದಲ್ಲಿ ಮುದುಕನ ಆರೈಕೆಗೆ ಇದ್ದ ನರ್ಸ್ ಮಾರ್ತಾ. ಇವಳಿಗೆ ಸುಳ್ಳು ಹೇಳೋಕೆ ಆಗಲ್ಲ. ಹೇಳಿದರೆ ವಾಂತಿ ಬರುತ್ತೆ. ನಮಗೆ ಈ ಕಾಯಿಲೆ ಇದ್ದಿದ್ರೆ ವೈವಾ ದಿನ ಲ್ಯಾಬ್ ಗತಿ ಏನಾಗ್ತಿತ್ತೋ.

ಈ ಮನೆಯ ಮೊದಲ ಜೋಕು ‘ಸ್ವಂತ ಕಾಲ ಮೇಲೆ ನಿಂತವರು’ ಅನ್ನೋದು. ದೊಡ್ಡ ಮಗಳು ಲಿಂಡಾ ರಿಯಲ್ ಎಸ್ಟೇಟ್ ವ್ಯವಹಾರವನ್ನ ಸೊನ್ನೆಯಿಂದ ಕಟ್ಟಿದೆ ಅಂತ ಹೆಮ್ಮೆ ಪಡ್ತಾಳೆ. ಆ ಸೊನ್ನೆಯ ಹಿಂದೆ ಅಪ್ಪ ಕೊಟ್ಟ ಹತ್ತು ಲಕ್ಷ ಡಾಲರ್ ಸಾಲ ಇತ್ತು ಅಂತ ಆಮೇಲೆ ಗೊತ್ತಾಗುತ್ತೆ. ಮಗ ವಾಲ್ಟ್ ಪ್ರಕಾಶನ ಸಂಸ್ಥೆ ನಡೆಸ್ತಾನೆ, ಅಲ್ಲಿ ಅಚ್ಚಾಗೋದು ಅಪ್ಪನ ಪುಸ್ತಕಗಳು. ಇನ್ನೊಂದು ಕಡೆ, ಈ ಮನೆ ನಮ್ಮ ವಂಶದ ಆಸ್ತಿ ಅಂತ ಆ ಕುಟುಂಬದ ಒಬ್ಬ ಭಾವುಕನಾಗಿ ಮಾತಾಡಿದಾಗ ಬ್ಲಾಂಕ್ ನಕ್ಕುಬಿಡ್ತಾನೆ. ಮುದುಕ ಅದನ್ನ 80ರ ದಶಕದಲ್ಲಿ ಒಬ್ಬ ಪಾಕಿಸ್ತಾನಿ ರಿಯಲ್ ಎಸ್ಟೇಟ್ ಕುಳದಿಂದ ಕೊಂಡಿದ್ದು! ಒಂದು ತಲೆಮಾರು ಸಾಕು ನೋಡಿ, ಕೊಂಡದ್ದು ‘ವಂಶದ್ದು’ ಆಗೋಕೆ.

ಎರಡನೇ ಜೋಕು ಮಾರ್ತಾ ಬಗ್ಗೆ, ಮತ್ತು ಇಲ್ಲಿಂದ ನಗು ಸ್ವಲ್ಪ ಒಗರಾಗುತ್ತೆ. ಎಲ್ಲರ ಬಾಯಲ್ಲೂ ಅವಳು ನಮ್ಮನೆಯವಳು, ಕುಟುಂಬದ ಸದಸ್ಯೆ. ಅವಳ ಊರು ಯಾವುದು ಅಂತ ಕೇಳಿ, ಒಬ್ಬರು ಈಕ್ವಡಾರ್ ಅಂತಾರೆ, ಇನ್ನೊಬ್ಬರು ಪರಾಗ್ವೆ ಅಂತಾರೆ, ಉರುಗ್ವೆ ಬರುತ್ತೆ, ಬ್ರೆಜಿಲ್ಲೂ ಬರುತ್ತೆ. ಸರಿ ಯಾವುದು ಅಂತ ಸಿನಿಮಾ ಕೊನೆವರೆಗೂ ಹೇಳಲ್ಲ, ಯಾಕಂದ್ರೆ ಆ ಮನೆಯಲ್ಲಿ ಯಾರಿಗೂ ಅದು ಬೇಕಾಗಿಲ್ಲ. ಹುಟ್ಟುಹಬ್ಬದ ರಾತ್ರಿ ಅಳಿಯ ರಿಚರ್ಡ್ ವಲಸಿಗರ ಬಗ್ಗೆ ಭಾಷಣ ಬಿಗೀತಾ, ಸರಿಯಾದ ದಾರಿಯಲ್ಲಿ ಬಂದವರಿಗೆ ಉದಾಹರಣೆ ಅಂತ ಮಾರ್ತಾಳನ್ನ ಕರೆದು ಪಕ್ಕದಲ್ಲಿ ನಿಲ್ಲಿಸ್ಕೊಳ್ತಾನೆ. ಮಾತಿನ ಮಧ್ಯೆಯೇ, ಅವಳ ಮುಖ ಕೂಡ ನೋಡದೆ, ತಾನು ತಿಂದ ತಟ್ಟೆಯನ್ನ ಅವಳ ಕೈಗೆ ಕೊಡ್ತಾನೆ. ಅವಳು ನರ್ಸ್, ತಟ್ಟೆ ಎತ್ತೋದು ಅವಳ ಕೆಲಸ ಅಲ್ಲ. ಎರಡು ಸೆಕೆಂಡಿನ ಈ ಶಾಟ್‌ಗೆ ಹಿನ್ನೆಲೆ ಸಂಗೀತ ಇಲ್ಲ, ಕ್ಲೋಸಪ್ ಒತ್ತಾಯ ಇಲ್ಲ. ಪಾಪ್‌ಕಾರ್ನ್ ಕಡೆ ನೋಡ್ತಿದ್ರೆ ತಪ್ಪಿಹೋಗುತ್ತೆ. ನಮ್ಮ ಪ್ರಕಾರ ಇಡೀ ಸಿನಿಮಾದ ಅತಿ ಕ್ರೂರ ದೃಶ್ಯ ಇದೇ, ಕೊಲೆಗೀಲೆ ಎಲ್ಲ ಆಮೇಲೆ. ಮುದುಕನ ಅಂತ್ಯಕ್ರಿಯೆಗೂ ಮಾರ್ತಾಳನ್ನ ಕರೆದಿರಲ್ಲ. ನೀನು ಬರಬೇಕು ಅಂತ ನನಗೆ ಇತ್ತು, ಉಳಿದವರು ಒಪ್ಪಲಿಲ್ಲ ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಗುಟ್ಟಾಗಿ ಹೇಳ್ತಾರೆ. ಹಾಗಾದ್ರೆ ಬೇಡ ಅಂದವರು ಯಾರಪ್ಪ?

ಇದು ಅಮೆರಿಕದ ರೋಗ ಅಂತ ನಗೋ ಹಾಗಿಲ್ಲ. ‘ನಮ್ಮನೆ ಮಗಳಿದ್ದ ಹಾಗೆ’ ಅನ್ನೋ ಮಾತನ್ನ ಕೆಲಸದವರ ಬಗ್ಗೆ ನಾವೆಲ್ಲ ಕೇಳಿದ್ದೀವಿ. ಆ ಮಗಳಿಗೆ ಕಾಫಿ ಕೊಡೋ ಲೋಟ ಮಾತ್ರ ಎಷ್ಟೋ ಮನೆಗಳಲ್ಲಿ ಬೇರೆ ಇರುತ್ತೆ, ಸಿಂಕ್ ಹಿಂದೆಯೋ ಹಿತ್ತಲ ಕಿಟಕಿ ಮೇಲೋ. ಸಿನಿಮಾದಲ್ಲೂ ಒಂದು ಕಾಫಿ ಮಗ್ ಇದೆ. ಮನೆ ನನ್ನದು, ಇಲ್ಲಿ ನಾನು ಹೇಳಿದ್ದೇ ನಡೆಯೋದು, ಕಾಫಿಯೂ ನನ್ನದೇ ಅನ್ನೋ ಅರ್ಥದ ಬರಹ ಅದರ ಮೇಲೆ. ಮುದುಕನ ಮಗ್ ಅದು. ಕೊನೆಗೆ ಯಾರ ಕೈಗೆ ಹೋಗುತ್ತೆ ಅನ್ನೋದರಲ್ಲೇ ಎಲ್ಲ ಇದೆ.

ಉಯಿಲು ಓದಿದಾಗ ಸ್ಫೋಟ ಆಗುತ್ತೆ. ಮನೆ, ದುಡ್ಡು, ಪ್ರಕಾಶನ ಸಂಸ್ಥೆ, ಎಲ್ಲ ಮಾರ್ತಾಗೆ. ಐದು ನಿಮಿಷದ ಹಿಂದೆ ಕುಟುಂಬದ ಸದಸ್ಯೆ ಆಗಿದ್ದವಳನ್ನ ಇಡೀ ಕುಟುಂಬ ಕಿರುಚಾಡ್ತಾ ಕಾರಿನವರೆಗೂ ಅಟ್ಟಿಸ್ಕೊಂಡು ಬರುತ್ತೆ.

ಈಗ ಮೆಗ್ ವಿಷಯಕ್ಕೆ ಬರೋಣ. ಮೆಗ್ ಆ ಮನೆಯ ಒಳ್ಳೆ ಹುಡುಗಿ. ತೀರಿಹೋದ ಮಗನ ಮಗಳು. ಓದಿಕೊಂಡವಳು, ಉದಾರವಾದಿ, ದೊಡ್ಡವರ ಮಾತು ಅಸಹ್ಯ ಅನ್ನಿಸಿದಾಗ ಮುಖ ಸಿಂಡರಿಸೋಳು. ಮಾರ್ತಾಗೆ ಆ ಮನೆಯಲ್ಲಿ ಯಾರಾದರೂ ಗೆಳತಿ ಇದ್ರೆ ಅದು ಇವಳೇ. ಅವಳ ಕಾಲೇಜು ಫೀಸು ಕಟ್ಟೋದು ತಾತ. ಅದೂ ಎರಡೆರಡು ಸಲ! ತಾತನ ಆಫೀಸಿನಿಂದ ಫೀಸು ನೇರವಾಗಿ ಕಾಲೇಜಿಗೆ ಹೋಗುತ್ತೆ, ಅದೇ ಫೀಸಿನ ಹೆಸರಲ್ಲಿ ಮೆಗ್‌ಳ ಅಮ್ಮ ಜೋನಿಯೂ ಬೇರೆ ಚೆಕ್ಕು ತಗೊಳ್ತಾಳೆ. ವರ್ಷಕ್ಕೆ ಒಂದು ಲಕ್ಷ ಡಾಲರ್, ನಾಲ್ಕು ವರ್ಷ. (ನಮ್ಮ ಬಿಇ ಕೂಡ ನಾಲ್ಕೇ ವರ್ಷ, ಸುಮ್ನೆ ಹೇಳಿದ್ವಿ.) ತಾತನಿಗೆ ಇದು ಗೊತ್ತಾಗಿ ಜೋನಿಗೆ ಇನ್ನು ಮುಂದೆ ದುಡ್ಡಿಲ್ಲ ಅಂತ ಹೇಳಿಬಿಡ್ತಾನೆ.

ಉಯಿಲು ಓದಿದ ಮೇಲೆ ಮೆಗ್ ಮಾರ್ತಾಗೆ ಫೋನ್ ಮಾಡ್ತಾಳೆ. ಅಮ್ಮನ ಹತ್ರ ದುಡ್ಡಿಲ್ಲ, ಕಾಲೇಜು ಬಿಡಬೇಕಾಗಬಹುದು ಅಂತ ಅಳ್ತಾಳೆ. ನಾನಿದ್ದೀನಿ, ನೋಡ್ಕೊಳ್ತೀನಿ ಅಂತ ಮಾರ್ತಾ ಮಾತು ಕೊಡ್ತಾಳೆ. ಅವಳಿನ್ನೂ ಒಂದು ಪೈಸೆ ಕೈಯಲ್ಲಿ ಹಿಡಿದಿಲ್ಲ, ಆಗಲೇ ಫೀಸು ಕಟ್ಟೋಕೆ ತಯಾರು. ಆಮೇಲೆ ಕ್ಯಾಮೆರಾ ತೋರಿಸುತ್ತೆ: ಮೆಗ್ ಸುತ್ತ ಇಡೀ ಕುಟುಂಬ ನಿಂತು ಆ ಫೋನ್ ಕೇಳ್ತಾ ಇದೆ.

ಅದಾದ ಮೇಲೆ ವಾಲ್ಟ್ ಮಾರ್ತಾ ಮನೆ ಬಾಗಿಲಿಗೆ ಬಂದು ನಯವಾಗಿ ಬೆದರಿಸ್ತಾನೆ. ಅವಳ ತಾಯಿ ದಾಖಲೆ ಇಲ್ಲದೆ ಅಮೆರಿಕದಲ್ಲಿ ಇರೋ ವಿಷಯ ಅವನಿಗೆ ಗೊತ್ತಾಗಿದೆ. ಆಸ್ತಿ ಬಿಟ್ಟುಕೊಟ್ರೆ ಒಳ್ಳೇ ವಕೀಲರನ್ನ ಇಟ್ಟು ಕಾಪಾಡ್ತೀವಿ ಅನ್ನೋ ಧಾಟಿ. (ಹಾಗಾದ್ರೆ ಆ ದುಡ್ಡು ಈಗ ನನ್ನದೇ ಅಲ್ವಾ, ಆ ವಕೀಲರನ್ನ ನಾನೇ ಇಟ್ಕೊಳ್ತೀನಿ ಅನ್ನೋ ಅರ್ಥದಲ್ಲಿ ಮಾರ್ತಾ ಕೊಡೋ ಉತ್ತರಕ್ಕೆ ಎದ್ದು ನಿಂತು ಶಿಳ್ಳೆ ಹೊಡೀಬೇಕು.) ಆದರೆ ಆ ಗುಟ್ಟು ವಾಲ್ಟ್ ಕೈಗೆ ಹೋಗಿದ್ದು ಮೆಗ್ ಬಾಯಿಂದ.

ವಾಲ್ಟ್, ರಿಚರ್ಡ್ ಥರದವರನ್ನ ಗುರುತು ಹಿಡಿಯೋದು ಸುಲಭ. ಅವರು ಬಾಯಿ ಬಿಟ್ರೆ ಸಾಕು. ಮೆಗ್‌ಳನ್ನ ಗುರುತು ಹಿಡಿಯೋದು ಕಷ್ಟ, ಯಾಕಂದ್ರೆ ಅವಳು ಸುಳ್ಳು ಒಳ್ಳೆಯವಳಲ್ಲ, ನಿಜಕ್ಕೂ ಒಳ್ಳೆಯವಳು. ಫೀಸು ಕಟ್ಟಿರೋವರೆಗೂ ಅವಳ ಅಭಿಪ್ರಾಯಗಳಿಗೆ ಯಾವ ಖರ್ಚೂ ಇರಲಿಲ್ಲ, ಅಷ್ಟೇ. ಖರ್ಚು ಬಂದ ದಿನ ಮೊದಲು ಮಾರಿದ್ದು ಗೆಳತಿಯ ಅಮ್ಮನನ್ನ. ನಮ್ಮ ಕ್ಯಾಂಪಸ್ಸಿನಲ್ಲೂ ಸಮಾನತೆ ಬಗ್ಗೆ ಸ್ಟೇಟಸ್ ಹಾಕೋರಿಗೆ ಬರ ಇಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆಗುತ್ತೆ ಅಂದ ಕೂಡಲೇ ಎಷ್ಟು ಕ್ರಾಂತಿಗಳು ತಣ್ಣಗೆ ಕ್ಲಾಸಿಗೆ ವಾಪಸ್ ಬರ್ತಾವೆ ನೋಡಿ. ನಮ್ಮಲ್ಲಿ ಒಬ್ಬರ ಫೀಸಿನ ಹಿಂದೆ ಅಪ್ಪನ ಪಿಎಫ್ ಇದೆ, ಇನ್ನೊಬ್ಬರ ಫೀಸಿನ ಹಿಂದೆ ಅಡವಿಟ್ಟ ಅಮ್ಮನ ಬಳೆ ಇದೆ, ಮತ್ತೊಬ್ಬರದ್ದು ಬ್ಯಾಂಕ್ ಸಾಲ. ಆ ದುಡ್ಡಿಗೂ ನಮ್ಮ ಬಾಯಿಗೂ ಒಂದು ದಾರ ಕಟ್ಟಿದೆ. ಅದು ಎಷ್ಟು ಉದ್ದ ಅಂತ ಯಾರಾದರೂ ಎಳೆಯೋವರೆಗೂ ಗೊತ್ತಾಗಲ್ಲ. ಮೆಗ್‌ಳದ್ದನ್ನ ಎಳೆದರು.

ಸಿನಿಮಾ ಬಗ್ಗೆ ನಮ್ಮದೊಂದು ತಕರಾರೂ ಇದೆ. ಮಾರ್ತಾ ಅತಿಯಾಗಿ ಒಳ್ಳೆಯವಳು. ಸುಳ್ಳು ಹೇಳಿದರೆ ವಾಂತಿ ಬರೋದು ತಮಾಷೆಯೇ, ಆದರೆ ಅದರ ಅರ್ಥ ನೋಡಿ. ಥ್ರಾಂಬಿ ಮನೆಯವರು ಹುಟ್ಟಿದ್ದಕ್ಕೇ ಆಸ್ತಿ ಕೇಳ್ತಾರೆ, ಇವಳು ಮಾತ್ರ ಹೊಟ್ಟೆಯಲ್ಲಿ ಸತ್ಯ ಪರೀಕ್ಷೆಯ ಮೆಷಿನ್ ಇಟ್ಕೊಂಡು ತಿರುಗಬೇಕು. ಅವಳು ಸ್ವಲ್ಪ ಸೋಮಾರಿ, ಸ್ವಲ್ಪ ಜಗಳಗಂಟಿ ಆಗಿದ್ರೂ ಉಯಿಲು ಉಯಿಲೇ ಅಲ್ವಾ? ಆಗಲೂ ನಾವು ಅವಳ ಪರ ನಿಲ್ತಿದ್ವಾ? ಈ ಪ್ರಶ್ನೆಯನ್ನ ರಯಾನ್ ಜಾನ್ಸನ್ ಜಾಣತನದಿಂದ ತಪ್ಪಿಸ್ಕೊಂಡಿದ್ದಾರೆ. ಪ್ಯಾರಸೈಟ್ ಇಲ್ಲಿ ಹೆಚ್ಚು ಧೈರ್ಯ ಮಾಡಿದೆ. ಅಲ್ಲಿಯ ಬಡವರು ಸುಳ್ಳು ಹೇಳ್ತಾರೆ, ಮೋಸ ಮಾಡ್ತಾರೆ, ಇನ್ನೊಬ್ಬ ಬಡವರನ್ನೇ ಕೆಲಸದಿಂದ ಓಡಿಸ್ತಾರೆ, ಆದರೂ ನಮ್ಮ ಎದೆ ಅವರ ಕಡೆಗೇ ಇರುತ್ತೆ.

ಕೊನೇ ಶಾಟ್‌ನಲ್ಲಿ ಮಾರ್ತಾ ಬಾಲ್ಕನಿಯಲ್ಲಿ ನಿಂತಿರ್ತಾಳೆ, ಕೈಯಲ್ಲಿ ಅದೇ ಮಗ್. ಕೆಳಗೆ ಅಂಗಳದಲ್ಲಿ ಥ್ರಾಂಬಿ ಕುಟುಂಬ ತಲೆಯೆತ್ತಿ ಅವಳನ್ನೇ ನೋಡ್ತಾ ಇದೆ. ಅದಕ್ಕೂ ಸ್ವಲ್ಪ ಮೊದಲು, ಇವರಿಗೆಲ್ಲ ನಾನು ಸಹಾಯ ಮಾಡಬೇಕಾ ಅಂತ ಅವಳು ಬ್ಲಾಂಕ್‌ನನ್ನ ಕೇಳಿರ್ತಾಳೆ. ಅವನು ನೇರ ಉತ್ತರ ಕೊಡಲ್ಲ, ಅವಳ ಮನಸ್ಸಿಗೇ ಬಿಟ್ಟುಬಿಡ್ತಾನೆ.

ಬ್ಲಾಂಕ್ ಹೇಳದಿದ್ರೆ ಬಿಡಿ, ನಾವು ಹೇಳ್ತೀವಿ. ಲಿಂಡಾಗೆ ಬೇಡ, ವಾಲ್ಟ್‌ಗೆ ಖಂಡಿತ ಬೇಡ. ಮೆಗ್ ಫೀಸು ಕಟ್ಟಲಿ, ಆ ಹುಡುಗಿ ಓದು ಮುಗಿಸಲಿ. ಆದರೆ ದುಡ್ಡು ನೇರವಾಗಿ ಕಾಲೇಜಿಗೇ ಹೋಗಲಿ, ಒಂದೇ ಸಲ. ಚೆಕ್ಕು ಮಾತ್ರ ಜೋನಿ ಕೈಗೆ ಕೊಡಬಾರದು.